ಆರರಿಂದ ಭಾಗಿಸಿದರೆ ಸಾಕಲ್ವಾ?

ಕಳೆದ ತಿಂಗಳು ಒಂದು ರಾತ್ರಿ ಹತ್ತೂವರೆಗೆ ಚಿಕ್ಕಪ್ಪನ ಮಗಳು ಫೋನ್ ಮಾಡಿದಳು. ಇಂಜಿನಿಯರಿಂಗ್ ಮೂರನೇ ವರ್ಷ ಮುಗಿಸಿದ್ದಾಳೆ. ಪ್ಲೇಸ್‌ಮೆಂಟ್ ಸೆಲ್‌ನವರು ಒಂದು ಫಾರ್ಮ್ ಕಳಿಸಿದ್ದರು, ಹನ್ನೆರಡಕ್ಕೆ ಮುಗಿಯುತ್ತದೆ. ಅದರಲ್ಲಿ ಸಿಜಿಪಿಎ, ಅಂದರೆ ಎಲ್ಲ ಸೆಮಿಸ್ಟರ್ ಸೇರಿದ ಸರಾಸರಿ ಗ್ರೇಡ್, ಬರೆಯಬೇಕು. ಒಂದೊಂದು ಸೆಮಿಸ್ಟರಿನ ಸರಾಸರಿಗೆ ಎಸ್‌ಜಿಪಿಎ ಅನ್ನುತ್ತಾರೆ. "ಅಕ್ಕ, ಆರು ಸೆಮ್‌ದು ಎಸ್‌ಜಿಪಿಎ ಕೂಡಿಸಿ ಆರರಿಂದ ಭಾಗಿಸಿದರೆ ಸಾಕಲ್ವಾ?" ಸಾಲದು ಮಾರಾಯ್ತಿ, ಮಾರ್ಕ್ಸ್ ಕಾರ್ಡ್ ಎಲ್ಲ ಕಳಿಸು ಅಂದೆ. ಊಟದ ತಟ್ಟೆ ಬದಿಗಿಟ್ಟು ಲೆಕ್ಕ ಹಾಕಿದೆ. ಅವಳ ಉತ್ತರಕ್ಕೂ ನನ್ನ ಉತ್ತರಕ್ಕೂ 0.03 ವ್ಯತ್ಯಾಸ ಬಂತು. ಅವಳದ್ದೇ ಜಾಸ್ತಿ ಇತ್ತು. "ಇಷ್ಟೇ ತಾನೆ ಅಕ್ಕ" ಅಂದಳು. ಸರಿಯಾದದ್ದನ್ನೇ ತುಂಬಿ ಮಲಗಿದಳು. ನನಗೆ ಮಾತ್ರ ನಿದ್ದೆ ಬರಲಿಲ್ಲ. ಆ "ಇಷ್ಟೇ ತಾನೆ" ತಲೆಯಲ್ಲಿ ಕೂತುಬಿಟ್ಟಿತು. ಅಷ್ಟೇ ಸಣ್ಣ ಒಂದು ವ್ಯತ್ಯಾಸದ ಜೊತೆ ನಾನು ಒಂದು ಇಡೀ ವರ್ಷ ಗುದ್ದಾಡಿದ್ದೇನೆ.

ಅವಳು ಮಾಡಿದ ತಪ್ಪು ಅವಳೊಬ್ಬಳದ್ದಲ್ಲ. ಸರಾಸರಿ ಅಂದರೆ ಕೂಡಿಸುವುದು, ಎಷ್ಟಿವೆಯೋ ಅಷ್ಟರಿಂದ ಭಾಗಿಸುವುದು. ಹೈಸ್ಕೂಲಿನಿಂದ ಕೈಗೆ ಬಂದ ಅಭ್ಯಾಸ ಅದು. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ ಎಷ್ಟು, ಪಿಯುಸಿಯಲ್ಲಿ 600ಕ್ಕೆ ಎಷ್ಟು ಎಂದು ಕೇಳಿಸಿಕೊಂಡು ಬೆಳೆದವರು ನಾವು. ಅಂಕ ಕೂಡಿಸಿದರೆ ಮುಗಿಯಿತು. ಬಿಇಗೆ ಬಂದ ಕೂಡಲೇ ಕ್ರೆಡಿಟ್ ಅನ್ನುವ ಹೊಸ ಪದ ಎದುರಾಗುತ್ತದೆ. ಅದರ ಅರ್ಥವನ್ನು ಯಾರೂ ಕೂರಿಸಿಕೊಂಡು ಹೇಳುವುದಿಲ್ಲ. ನಮ್ಮ ಕಾಲೇಜಿನಲ್ಲಿ ಮೊದಲ ದಿನ ಎರಡು ಗಂಟೆ ಭಾಷಣ ಇತ್ತು. ಹಾಜರಾತಿ, ಡ್ರೆಸ್ ಕೋಡ್, ಮೊಬೈಲ್ ಎಲ್ಲದರ ಬಗ್ಗೆ ಹೇಳಿದರು. ಕ್ರೆಡಿಟ್ ಬಗ್ಗೆ ಒಂದು ಮಾತೂ ಬರಲಿಲ್ಲ. ನನಗೆ ಅದನ್ನು ಕಲಿಸಿದ್ದು ನಮ್ಮಪ್ಪ. ಅಪ್ಪ ಪಿಯುಸಿಗಿಂತ ಮುಂದೆ ಓದಿದವರಲ್ಲ.

ಮಂಡಿಯ ಪಟ್ಟಿ

ನಾನು ಬಿಇಗೆ ಸೇರಿದ್ದು 2018ರಲ್ಲಿ. ವಿಟಿಯುವಿನ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2018ರ ಸ್ಕೀಮಿನ, ಅಂದರೆ ಪಠ್ಯಕ್ರಮದ, ಮೊದಲ ಬ್ಯಾಚು ನಮ್ಮದು. ಮೊದಲ ಸೆಮಿಸ್ಟರಿನ ರಿಸಲ್ಟ್ ಬಂದಾಗ ನಾನು ಮನೆಯಲ್ಲಿದ್ದೆ, ತೀರ್ಥಹಳ್ಳಿಯ ಹತ್ತಿರದ ನಮ್ಮೂರಲ್ಲಿ. ನೆಟ್‌ವರ್ಕ್ ಸಿಗುವುದು ಜಗಲಿಯ ತುದಿಯಲ್ಲಿ ಮಾತ್ರ. ಫೋನಿನಲ್ಲಿ ಇಂಟರ್ನಲ್ ಎಷ್ಟು, ಎಕ್ಸ್‌ಟರ್ನಲ್ ಎಷ್ಟು, ಒಟ್ಟು ಎಷ್ಟು, ಪಾಸೋ ಫೇಲೋ ಎನ್ನುವುದು ಕಾಣುತ್ತಿತ್ತು. ಎಸ್‌ಜಿಪಿಎಯನ್ನು ನಾವೇ ಹಾಕಿಕೊಳ್ಳಬೇಕಿತ್ತು.

ಎಂಟು ಸಬ್ಜೆಕ್ಟೂ ಪಾಸಾಗಿತ್ತು. ಗಣಿತ 42, ಭೌತಶಾಸ್ತ್ರ 64, ಎಲೆಕ್ಟ್ರಿಕಲ್ 43, ಸಿವಿಲ್ 44, ಗ್ರಾಫಿಕ್ಸ್ 72. ಎರಡು ಲ್ಯಾಬಲ್ಲಿ 84 ಮತ್ತು 83, ಇಂಗ್ಲಿಷಿನಲ್ಲಿ 75. ಗೆಳತಿಯೊಬ್ಬಳು ಗ್ರೇಡ್ ಪಾಯಿಂಟಿನ ಪಟ್ಟಿ ಕಳಿಸಿದ್ದಳು. 90ರ ಮೇಲೆ 10, 80ರ ಮೇಲೆ 9, 70ರ ಮೇಲೆ 8, 60ರ ಮೇಲೆ 7, ಹೀಗೆ ಇಳಿಯುತ್ತಾ 40ರ ಅಂಚಿನಲ್ಲಿ ಪಾಸಾದರೆ 4. ನನಗೆ ಬಂದ ಪಾಯಿಂಟುಗಳನ್ನು ಕ್ಯಾಲೆಂಡರಿನ ಹಿಂದೆ ಬರೆದೆ: 4, 7, 4, 4, 8, 9, 9, 8. ಕೂಡಿಸಿದರೆ 53. ಎಂಟರಿಂದ ಭಾಗಿಸಿದರೆ 6.63. ಗಣಿತದಲ್ಲಿ ಕೂದಲೆಳೆಯಲ್ಲಿ ಪಾರಾಗಿದ್ದವಳಿಗೆ ಅದು ದೊಡ್ಡ ಸಮಾಧಾನ. ಒಳಗೆ ಹೋಗಿ ಅಮ್ಮನಿಗೆ ಹೇಳಿದೆ, ಹೊರಗೆ ಬಂದು ಅಪ್ಪನಿಗೂ ಹೇಳಿದೆ.

ಅಪ್ಪ ಆಗ ತಾನೇ ಮಂಡಿಯಿಂದ ಬಂದಿದ್ದರು. ಆ ವರ್ಷದ ಅಡಿಕೆಯ ಮೊದಲ ಕಂತು ಮಾರಿ ಆಗಿತ್ತು. ಕೈಯಲ್ಲಿ ಪಟ್ಟಿ ಹಿಡಿದುಕೊಂಡು ಜಗಲಿಯ ಮೇಲೆ ಕೂತಿದ್ದರು. ನನ್ನ ಕ್ಯಾಲೆಂಡರ್ ಹಾಳೆಯನ್ನು ತೆಗೆದುಕೊಂಡು ನೋಡಿದರು. ಪಾಯಿಂಟುಗಳ ಪಕ್ಕ ಸುಮ್ನೆ ಇರಲಿ ಎಂದು ನಾನು ಕ್ರೆಡಿಟ್‌ಗಳನ್ನೂ ಬರೆದಿದ್ದೆ: 4, 4, 3, 3, 3, 1, 1, 1. ಅಪ್ಪ ಅದರ ಮೇಲೆ ಬೆರಳಿಟ್ಟು "ಇದೆಂಥದು?" ಎಂದರು. ಆ ಸಬ್ಜೆಕ್ಟಿಗೆ ಎಷ್ಟು ಬೆಲೆ ಇದೆ ಅಂತ ಹೇಳೋದು ಅದು, ಅಂದೆ. "ಬೆಲೆ ಅಲ್ಲ ಮಗಾ, ಅದು ತೂಕ. ನೀನು ತೂಕಾನೇ ಹಾಕದೆ ಸರಾಸರಿ ತೆಗ್ದಿದೀಯಲ್ಲ" ಎಂದರು.

ಆಮೇಲೆ ತಮ್ಮ ಪಟ್ಟಿಯನ್ನು ನನ್ನ ಮುಂದೆ ಹಿಡಿದರು. ಅದರಲ್ಲಿ ಮೂರು ಬಗೆಯ ಅಡಿಕೆ ಇತ್ತು. ಸರಕು 40 ಕಿಲೋ, ಕ್ವಿಂಟಾಲಿಗೆ 64,000. ರಾಶಿ 5 ಕ್ವಿಂಟಾಲ್, 34,000. ಗೊರಬಲು 1 ಕ್ವಿಂಟಾಲ್, 22,000. "ಈಗ ನಮಗೆ ಕ್ವಿಂಟಾಲಿಗೆ ಸರಾಸರಿ ಎಷ್ಟು ಬಿತ್ತು ಹೇಳು." ಮೂರು ರೇಟನ್ನೂ ಕೂಡಿಸಿ ಮೂರರಿಂದ ಭಾಗಿಸಿದೆ. 40,000 ಅಂದೆ. ಅಪ್ಪ ನಗಲಿಲ್ಲ, ಬೈಯಲೂ ಇಲ್ಲ. ಪಟ್ಟಿಯ ಕೊನೆಯಲ್ಲಿದ್ದ ಮೊತ್ತ ತೋರಿಸಿದರು: 2,17,600 ರೂಪಾಯಿ. ಒಟ್ಟು ತೂಕ 6 ಕ್ವಿಂಟಾಲ್ 40 ಕಿಲೋ. ಭಾಗಿಸು ಅಂದರು. ಸರಿಯಾಗಿ 34,000 ಬಂತು. ಮಂಡಿಯವರು ನನ್ನ ಲೆಕ್ಕದಲ್ಲಿ ದುಡ್ಡು ಕೊಡುತ್ತಿದ್ದರೆ ಕ್ವಿಂಟಾಲಿಗೆ 6,000 ಜಾಸ್ತಿ ಬರಬೇಕಿತ್ತು. "ಸರಕು 64 ಸಾವಿರಕ್ಕೆ ಹೋಯ್ತು ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗಬಹುದು. ಆದ್ರೆ ಇದ್ದಿದ್ದು 40 ಕಿಲೋ. ಮನೆ ನಡೆಸೋದು ರಾಶಿ" ಎಂದರು.

ನಾನು ಹಾಳೆ ತಿರುಗಿಸಿ ಮತ್ತೆ ಹಾಕಿದೆ. ಗಣಿತ ನಾಲ್ಕು ನಾಲ್ಕಲಿ 16. ಭೌತಶಾಸ್ತ್ರ 28. ಎಲೆಕ್ಟ್ರಿಕಲ್ 12, ಸಿವಿಲ್ 12, ಗ್ರಾಫಿಕ್ಸ್ 24. ಲ್ಯಾಬುಗಳು 9 ಮತ್ತು 9, ಇಂಗ್ಲಿಷ್ 8. ಒಟ್ಟು 118. ಕ್ರೆಡಿಟ್ 20. ಭಾಗಿಸಿದರೆ 5.90. ನಾನು ಹೆಮ್ಮೆಯಿಂದ ಹೇಳಿಕೊಂಡಿದ್ದ ಲ್ಯಾಬಿನ ಅಂಕಗಳೇ ನನ್ನ ಸರಕು. ಗಣಿತ, ಎಲೆಕ್ಟ್ರಿಕಲ್, ಸಿವಿಲ್ ಸೇರಿ 20ರಲ್ಲಿ 10 ಕ್ರೆಡಿಟ್. ಅದು ನನ್ನ ರಾಶಿ. ಅರ್ಧ ತೂಕಕ್ಕೆ ಬರೀ 4ರ ರೇಟು ಬಿದ್ದಿತ್ತು. ಅಮ್ಮನಿಗೆ ಮತ್ತೊಮ್ಮೆ ಹೋಗಿ ಹೇಳಬೇಕಾಯಿತು, 6.63 ಅಲ್ಲ, 5.90 ಎಂದು. ಅಮ್ಮ "ಪಾಸ್ ಆಗಿದೀಯಲ್ಲ, ಊಟ ಮಾಡು ಬಾ" ಎಂದರು. ಆ ಸಂಜೆ ಅಳು ಬಂದದ್ದು ನಿಜ. ಆದರೆ ಆ ದಿನ ಕಲಿತದ್ದನ್ನು ಇವತ್ತಿನವರೆಗೂ ಮರೆತಿಲ್ಲ.

ತೂಗಿ ಆದಮೇಲೆ

ಒಂದು ಸೆಮಿಸ್ಟರಿನ ಒಳಗೆ ಸಬ್ಜೆಕ್ಟುಗಳಿಗೆ ಹೇಗೆ ತೂಕ ಇದೆಯೋ, ಒಟ್ಟು ಸಿಜಿಪಿಎಯಲ್ಲಿ ಸೆಮಿಸ್ಟರುಗಳಿಗೂ ಹಾಗೇ ತೂಕ ಇದೆ. ತಂಗಿ ಎಡವಿದ್ದು ಇಲ್ಲೇ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) ಸಿಬಿಸಿಎಸ್, ಅಂದರೆ ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿಯ, ಮಾರ್ಗಸೂಚಿಯಲ್ಲಿ ಒಂದು ಮಾದರಿ ಲೆಕ್ಕ ಕೊಟ್ಟಿದ್ದಾರೆ. ಅದರಲ್ಲೂ ಆರೇ ಸೆಮಿಸ್ಟರ್. ಕ್ರೆಡಿಟ್‌ಗಳು 20, 22, 25, 26, 26, 25. ಎಸ್‌ಜಿಪಿಎ 6.9, 7.8, 5.6, 6.0, 6.3, 8.0. ಒಂದೊಂದನ್ನೂ ಅದರ ಕ್ರೆಡಿಟ್‌ನಿಂದ ಗುಣಿಸಿ, ಕೂಡಿಸಿ, 144ರಿಂದ ಭಾಗಿಸಿದರೆ 6.73. ಸುಮ್ನೆ ಆರರಿಂದ ಭಾಗಿಸಿದರೆ 6.77. ಅಲ್ಲೂ ಹೆಚ್ಚುಕಡಿಮೆ ಇಷ್ಟೇ, 0.04ರ ವ್ಯತ್ಯಾಸ.

ನಮ್ಮ ಸ್ಕೀಮಿನಲ್ಲಿ ಒಟ್ಟು 175 ಕ್ರೆಡಿಟ್ ಇತ್ತು. ಮೊದಲ ವರ್ಷ 20, 20. ಎರಡನೇ ವರ್ಷ 24, 24. ಐದನೇ ಸೆಮಿಸ್ಟರ್ 25, ಆರನೆಯದು 24. ಏಳು 20, ಎಂಟು 18. ಹೊಟ್ಟೆ ಭಾಗದಲ್ಲಿ ಭಾರ, ಬಾಲದಲ್ಲಿ ಹಗುರ. ಓದುವ ಹುಡುಗರ ಮನಸ್ಸು ನಡೆಯುವುದು ಇದಕ್ಕೆ ಉಲ್ಟಾ. ಮೂರನೇ ಸೆಮಿಸ್ಟರಿನಲ್ಲಿ ಇನ್ನೂ ಟೈಮ್ ಇದೆ ಅನ್ನಿಸುತ್ತದೆ. ಕೊನೆಯ ವರ್ಷ ಕುತ್ತಿಗೆಗೆ ಬಂದಾಗ ಎದ್ದು ಕೂರುತ್ತೇವೆ. ಅಷ್ಟು ಹೊತ್ತಿಗೆ ಮಾಲು ಹೆಚ್ಚು ಪಾಲು ತೂಗಿ ಆಗಿರುತ್ತದೆ.

ನನ್ನ ಸೆಮಿಸ್ಟರುಗಳು ಹೀಗಿದ್ದವು: 5.90, 6.20, 5.75, 6.50, 6.52, 7.00. ನಾಲ್ಕನೆಯದು ಬಂದದ್ದು 2020ರಲ್ಲಿ. ಆ ವರ್ಷ ಮಧ್ಯದ ಸೆಮಿಸ್ಟರುಗಳಿಗೆ ಪರೀಕ್ಷೆ ಬೇಡ, ಇಂಟರ್ನಲ್ಸ್ ಮತ್ತು ಹಿಂದಿನ ಸೆಮಿಸ್ಟರಿನ ಅಂಕ ನೋಡಿ ಮುಂದಕ್ಕೆ ಕಳಿಸಿ ಎಂದು ರಾಜ್ಯ ಸರ್ಕಾರ ತೀರ್ಮಾನಿಸಿತ್ತು. ಮೂರನೇ ಸೆಮಿಸ್ಟರಿನಲ್ಲಿ ಮಾಡಿದ ಸೋಮಾರಿತನ ನಾಲ್ಕಕ್ಕೂ ಹೀಗೆ ನೆರಳು ಚಾಚಿತು. (ನಡುವೆ ಒಂದು ಕ್ರೆಡಿಟ್‌ನ ಆಡಳಿತ ಕನ್ನಡ ಪೇಪರ್ ಇತ್ತು. ನಾಲ್ಕು ವರ್ಷದಲ್ಲಿ ನಾನು ಇಷ್ಟಪಟ್ಟು ಓದಿದ ಕೆಲವೇ ಪುಟಗಳಲ್ಲಿ ಅದೂ ಒಂದು. ತೂಕ ಕಡಿಮೆ ಎಂದು ಬಿಟ್ಟಿದ್ದರೆ ಬೇಜಾರಾಗುತ್ತಿತ್ತು.)

ಆರು ಸೆಮಿಸ್ಟರ್ ಮುಗಿದಾಗ 137 ಕ್ರೆಡಿಟ್‌ಗೆ 867 ಪಾಯಿಂಟ್ ಇತ್ತು. ಅಂದರೆ 6.33. ಉಳಿದಿದ್ದು 38 ಕ್ರೆಡಿಟ್ ಮಾತ್ರ. ಒಂದು ರಾತ್ರಿ ಹಾಸ್ಟೆಲಿನಲ್ಲಿ ಕೂತು ಲೆಕ್ಕ ಹಾಕಿದೆ. ಮುಂದೆ ಎಲ್ಲದರಲ್ಲೂ 10 ತೆಗೆದರೂ ನನ್ನ ಸಿಜಿಪಿಎ 7.13 ದಾಟುವುದಿಲ್ಲ. ಬಾಗಿಲು ಮುಚ್ಚುವ ಸದ್ದು ಕೇಳಿಸಿದ ಹಾಗಾಯಿತು. ನನಗೆ ಬೇಕಾಗಿದ್ದು 6.75. ಅದಕ್ಕೆ ಉಳಿದ ಎರಡು ಸೆಮಿಸ್ಟರಿನಲ್ಲಿ ಸರಾಸರಿ 8.29 ಬರಬೇಕು. ಆ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಮಂಚದ ಪಕ್ಕದ ಗೋಡೆಗೆ ಅಂಟಿಸಿದೆ. ಏಳರಲ್ಲಿ 7.60 ಬಂತು. ಚೀಟಿ ಬದಲಾಯಿಸಿದೆ. ಈಗ ಕೊನೆಯದರಲ್ಲಿ 9.06 ಬೇಕು. ಎಂಟನೇ ಸೆಮಿಸ್ಟರಿನಲ್ಲಿ ಪ್ರಾಜೆಕ್ಟ್ ಒಂದಕ್ಕೇ 8 ಕ್ರೆಡಿಟ್. ಮೂರು ತಿಂಗಳು ಅದನ್ನೇ ಉಸಿರಾಡಿದೆ. ಪ್ರಾಜೆಕ್ಟಿಗೆ 9 ಬಂತು, ಸೆಮಿನಾರಿಗೆ 10, ಇಂಟರ್ನ್‌ಶಿಪ್‌ಗೆ 9, ಎರಡು ಪೇಪರಿಗೆ 7 ಮತ್ತು 8. ಎಸ್‌ಜಿಪಿಎ 8.56. ನಾಲ್ಕು ವರ್ಷದಲ್ಲೇ ಹೆಚ್ಚು.

ಒಟ್ಟು 1173 ಪಾಯಿಂಟ್. 175ರಿಂದ ಭಾಗಿಸಿದರೆ 6.70. ಒಂಬತ್ತು ಪಾಯಿಂಟ್ ಸಾಲಲಿಲ್ಲ.

6.70 ಮತ್ತು 6.75

6.75 ಯಾಕೆ ಬೇಕಿತ್ತು ಎಂದು ಬಿಇ ಓದಿದವರಿಗೆ ಹೇಳಬೇಕಾಗಿಲ್ಲ. ನಮ್ಮ ಸ್ಕೀಮಿನಲ್ಲಿ ಸಿಜಿಪಿಎಯನ್ನು ಶೇಕಡಾಕ್ಕೆ ತರಲು 0.75 ಕಳೆದು 10ರಿಂದ ಗುಣಿಸುತ್ತಿದ್ದರು. 6.75ಕ್ಕೆ ಶೇ 60. 6.70ಕ್ಕೆ ಶೇ 59.5. ಕೆಲಸ ಕೊಡುವ ಎಷ್ಟೋ ಕಡೆ ಎಸ್ಸೆಸ್ಸೆಲ್ಸಿ, ಪಿಯುಸಿ, ಬಿಇ ಮೂರರಲ್ಲೂ ಶೇ 60 ಕೇಳುತ್ತಾರೆ. 2022ರಲ್ಲಿ ನಾನೊಂದು ಅಂಥ ಫಾರ್ಮ್ ತುಂಬುತ್ತಿದ್ದೆ. ಮಾರ್ಕ್ಸ್ ಕಾರ್ಡುಗಳ ನಕಲು ಆಮೇಲೆ ಕೊಟ್ಟರಾಯಿತು, ಈಗ ಬರೀ ಸಂಖ್ಯೆ. ರೂಮಿನ ಗೆಳತಿ ಪಕ್ಕದಲ್ಲಿ ಕೂತು ನನ್ನ ಎಂಟು ಎಸ್‌ಜಿಪಿಎಗಳನ್ನು ಫೋನಿನಲ್ಲಿ ಕೂಡಿಸಿದಳು. ಎಂಟರಿಂದ ಭಾಗಿಸಿದಳು. "ಏ, 6.75 ಬರ್ತದೆ ನೋಡು!" ಎಂದು ಕಿರುಚಿದಳು.

ನಿಜವಾಗಿಯೂ ಬರುತ್ತಿತ್ತು. 54.03 ಭಾಗಿಸು 8. ನನ್ನ ಒಳ್ಳೆಯ ಸೆಮಿಸ್ಟರ್ ಹಗುರ, ಕೆಟ್ಟ ಮೂರನೇ ಸೆಮಿಸ್ಟರ್ ಭಾರ. ತೂಕ ತೆಗೆದುಬಿಟ್ಟರೆ ನಾನು ಗೆದ್ದೆ. ಗೆಳತಿ ಮೋಸ ಮಾಡು ಅಂತ ಹೇಳಲಿಲ್ಲ. ಅವಳು ಹಾಗೇ ಲೆಕ್ಕ ಎಂದು ನಂಬಿದ್ದಳು. ನಂಬಿ ಬರೆದಿದ್ದರೆ ಅದು ತಪ್ಪು ಲೆಕ್ಕ ಅಷ್ಟೇ. ನನಗೆ ಗೊತ್ತಿತ್ತು. ಗೊತ್ತಿದ್ದೂ ಬರೆದರೆ ಅದಕ್ಕೆ ಬೇರೆ ಹೆಸರು. ಅಪ್ಪನ ಬೆರಳು ಆ ಕ್ರೆಡಿಟ್‌ಗಳ ಮೇಲೆ ಇದ್ದ ಹಾಗೇ ಕಣ್ಣಿಗೆ ಕಟ್ಟಿತು. 6.70 ಎಂದು ಬರೆದೆ. ಮುಂದಿನ ಪುಟ ತೆರೆಯಲೇ ಇಲ್ಲ. ನೀವು ಅರ್ಹರಲ್ಲ ಎಂಬ ಒಂದು ಸಾಲು ಬಂತು. ಕೆಲಸ ಸಿಗಲು ಇನ್ನೂ ಹನ್ನೊಂದು ತಿಂಗಳು ಬೇಕಾಯಿತು. ಆ ಹನ್ನೊಂದು ತಿಂಗಳಲ್ಲಿ ಅದೇ ಸಾಲನ್ನು ಎಷ್ಟೋ ಸಲ ಓದಿದ್ದೇನೆ.

ಆ ದಿನಗಳಲ್ಲಿ ನಾನು ಮಾರ್ಕ್ಸ್ ಕಾರ್ಡುಗಳನ್ನು ಹರಡಿಕೊಂಡು ಆ ಒಂಬತ್ತು ಪಾಯಿಂಟ್ ಎಲ್ಲಿ ಬಿದ್ದುಹೋಯಿತು ಎಂದು ಹುಡುಕುತ್ತಿದ್ದೆ. ಸಿಕ್ಕಿತು. ಮೂರು ಕ್ರೆಡಿಟ್‌ನ ಒಂದು ಪೇಪರಿನಲ್ಲಿ 69. ನಾಲ್ಕು ಕ್ರೆಡಿಟ್‌ನ ಇನ್ನೊಂದರಲ್ಲಿ 79. ಮತ್ತೆ ಮೂರು ಕ್ರೆಡಿಟ್‌ನ ಒಂದರಲ್ಲಿ 69. ಈ ಮೂರರಲ್ಲೂ ಒಂದೊಂದೇ ಅಂಕ ಜಾಸ್ತಿ ಬಂದಿದ್ದರೆ ಹತ್ತು ಪಾಯಿಂಟ್ ಸೇರುತ್ತಿತ್ತು. 6.76. ನಾಲ್ಕು ವರ್ಷ ಬರೆದ ಅಷ್ಟೂ ಪರೀಕ್ಷೆಗಳಲ್ಲಿ ಬರೀ ಮೂರು ಅಂಕ.

ಗ್ರೇಡ್ ಪದ್ಧತಿಯಲ್ಲಿ ನನಗೆ ಇವತ್ತಿಗೂ ಒಪ್ಪಿಗೆಯಾಗದ ಜಾಗ ಇದೇ. 70 ತೆಗೆದವಳೂ 79 ತೆಗೆದವಳೂ ಒಂದೇ, ಇಬ್ಬರಿಗೂ 8. ಒಂದೆರಡು ಅಂಕದ ಜಗಳ ಬೇಡ ಎನ್ನುವ ಒಳ್ಳೆಯ ಯೋಚನೆ ಅದರಲ್ಲಿ ಕಾಣುತ್ತದೆ. ನನಗೂ ಅದು ಇಷ್ಟ. ಆದರೆ ಹೀಗೆ ದಪ್ಪ ದಪ್ಪ ಹೋಳುಗಳಾಗಿ ಕತ್ತರಿಸಿದ ಮೇಲೆ ಅವನ್ನೇ ಕೂಡಿಸಿ ದಶಾಂಶದ ಎರಡು ಸ್ಥಾನದವರೆಗೆ ಬರೆಯುತ್ತೇವೆ. ಆ ಎರಡನೇ ಸ್ಥಾನವನ್ನು ಹಿಡಿದು ಒಬ್ಬರನ್ನು ಒಳಗೆ ಕರೆಯುತ್ತೇವೆ, ಒಬ್ಬರನ್ನು ಹೊರಗೆ ನಿಲ್ಲಿಸುತ್ತೇವೆ. ಹತ್ತು ಹತ್ತು ಕಿಲೋದ ಕಲ್ಲಿಟ್ಟು ತೂಗಿ ಉತ್ತರವನ್ನು ಗ್ರಾಂನಲ್ಲಿ ಹೇಳಿದ ಹಾಗೆ. ಮಂಡಿಯಲ್ಲಿ ಹಾಗೆ ತೂಗಿದರೆ ಯಾವ ರೈತನೂ ಒಪ್ಪುವುದಿಲ್ಲ.

ಆ 0.75

ಕಳೆಯುವ 0.75ರ ಮೇಲೆ ನನಗೆ ತುಂಬಾ ದಿನ ಸಿಟ್ಟಿತ್ತು. ನನ್ನ ಏಳೂವರೆ ಪರ್ಸೆಂಟ್ ಕಿತ್ತುಕೊಂಡ ಹಾಗೆ ಅನ್ನಿಸುತ್ತಿತ್ತು. ಬೇರೆ ರಾಜ್ಯದಲ್ಲಿ ಓದಿದ ಪರಿಚಯದವಳೊಬ್ಬಳು ಸುಮ್ನೆ 10ರಿಂದ ಗುಣಿಸುತ್ತಿದ್ದಳು. ಆ ಲೆಕ್ಕದಲ್ಲಿ ನನ್ನ 6.70ಕ್ಕೆ ಶೇ 67. ಸಿಬಿಎಸ್‌ಇಯವರು ಹತ್ತನೇ ಕ್ಲಾಸಿಗೆ ಹಿಂದೆ 9.5ರಿಂದ ಗುಣಿಸಿ ಅನ್ನುತ್ತಿದ್ದರು. ಹಾಗೆ ಮಾಡಿದರೆ 63.65. ಒಂದೇ ಓದು, ಒಂದೇ ಸಂಖ್ಯೆ, ಮೂರು ಶೇಕಡಾ. ಅದರಲ್ಲಿ ಒಂದು ಮಾತ್ರ ಬಾಗಿಲು ಹಾಕುತ್ತದೆ.

ಆಮೇಲೆ ತಣ್ಣಗೆ ಕೂತು ನೋಡಿದಾಗ ಕಳೆಯುವುದರಲ್ಲಿ ಒಂದು ನ್ಯಾಯ ಕಂಡಿತು. 8 ಪಾಯಿಂಟ್ ಅಂದರೆ 80 ಅಂಕ ಅಲ್ಲ. 70ರಿಂದ 79ರ ಒಳಗೆ ಎಲ್ಲೋ ಇದ್ದೀಯ ಎಂದರ್ಥ. 10ರಿಂದ ಗುಣಿಸಿದರೆ ಎಲ್ಲದರಲ್ಲೂ 70 ತೆಗೆದವಳಿಗೆ ಶೇ 80 ಕೊಟ್ಟ ಹಾಗಾಗುತ್ತದೆ. 0.75 ಕಳೆದರೆ 72.5 ಬರುತ್ತದೆ. ಆ ಗೆರೆಗಳ ಒಳಗೇ ಇರುತ್ತದೆ. ಮೇಲಿನ ಗ್ರೇಡುಗಳಿಗೆ ಇದು ಸರಿಯಾಗಿ ಕೂರುತ್ತದೆ. ಕೆಳಗಿನವರಿಗೆ ಕೂರುವುದಿಲ್ಲ. 40ರ ಮೇಲೆ ಅಂಕ ಬಂದು 4 ಪಾಯಿಂಟ್ ಸಿಕ್ಕ ಪೇಪರಿಗೆ ಇದೇ ಸೂತ್ರ ಹಾಕಿದರೆ ಶೇ 32.5. ಪಾಸಾದ ಅಂಕಕ್ಕಿಂತ ಕಡಿಮೆ! ನನ್ನ ಮೊದಲ ಸೆಮಿಸ್ಟರನ್ನೇ ತೆಗೆದುಕೊಳ್ಳಿ. ಅಂಕಗಳಿಗೆ ಕ್ರೆಡಿಟ್‌ನ ತೂಕ ಹಾಕಿ ಸರಾಸರಿ ತೆಗೆದರೆ 57.15. ಸೂತ್ರದ ಪ್ರಕಾರ 51.5. ಅಷ್ಟು ಅಂತರ ಬಂದಿದ್ದು ಆ ಮೂರು 4ಗಳಿಂದ. ಮೊದಲ ವರ್ಷ ಹಳ್ಳಿಯಿಂದ ಬಂದು, ಇಂಗ್ಲಿಷಿನಲ್ಲಿ ಗಣಿತ ಕೇಳಿಸಿಕೊಳ್ಳುವುದಕ್ಕೇ ಆರು ತಿಂಗಳು ತೆಗೆದುಕೊಂಡವರಿಗೆ ಬೀಳುವ ಪಾಯಿಂಟ್ ಅದೇ ಅಲ್ವಾ? ಆ 4ಗಳು ಕೊನೆಯವರೆಗೂ ಜೊತೆಗೆ ಬರುತ್ತವೆ. ಎಂಟನೇ ಸೆಮಿಸ್ಟರಿನಲ್ಲಿ ನಾನು ಬೇರೆಯೇ ವಿದ್ಯಾರ್ಥಿನಿ ಆಗಿದ್ದೆ. 6.70 ಎಂಬ ಸಂಖ್ಯೆ ನೋಡಿದವರಿಗೆ ಅದು ಕಾಣುವುದಿಲ್ಲ. 5.90ಯಿಂದ 8.56ಕ್ಕೆ ಏರಿದವಳೂ, 8.56ರಿಂದ 5.90ಗೆ ಇಳಿದವಳೂ ಅಲ್ಲಿ ಹೆಚ್ಚುಕಡಿಮೆ ಒಂದೇ.

ಸ್ಕೀಮಿನ ಹಾಳೆ

ಈ ಮಾತುಗಳನ್ನೆಲ್ಲ ತಂಗಿಗೆ ಆ ರಾತ್ರಿ ಹೇಳಲಾಗಲಿಲ್ಲ. ಹೋದ ವಾರ ಊರಿಗೆ ಹೋಗಿದ್ದೆ, ಅವಳೂ ಬಂದಿದ್ದಳು. ಜಗಲಿಯ ಮೇಲೆ ಕೂತು ಅಪ್ಪನಿಗೆ ಫೋನಿನ ಕತೆ ಹೇಳಿದೆ. ಅಪ್ಪ ಒಳಗೆ ಹೋಗಿ ಮಂಡಿಯ ಪಟ್ಟಿಗಳ ಕಟ್ಟು ತಂದರು. ಕನ್ನಡಕ ಹಾಕಿಕೊಂಡು ಅವಳನ್ನು ಪಕ್ಕಕ್ಕೆ ಕರೆದು ಅದೇ ಲೆಕ್ಕ ಶುರು ಮಾಡಿದರು. ಸರಕು ಎಷ್ಟು, ರಾಶಿ ಎಷ್ಟು. ನನಗೆ ಹೇಳಿದ್ದು ಅವರಿಗೆ ನೆನಪಿದೆಯೋ ಇಲ್ಲವೋ ಗೊತ್ತಿಲ್ಲ. ಮಾತು ಮಾತ್ರ ಅದೇ. ತಂಗಿ ಮೊದಲು ರೇಟುಗಳನ್ನು ಕೂಡಿಸಿದಳು. ನಾನು ಏನೂ ಹೇಳಲಿಲ್ಲ. ಅಪ್ಪ ಪಟ್ಟಿಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು.

ಸ್ವಲ್ಪ ಹೊತ್ತು ಅವಳು ಸುಮ್ಮನಿದ್ದಳು. ಆಮೇಲೆ ಫೋನ್ ತೆಗೆದು ಜಗಲಿಯ ತುದಿಗೆ ಹೋದಳು, ನೆಟ್‌ವರ್ಕ್ ಸಿಗುವ ಜಾಗಕ್ಕೆ. ಅವಳ ಸ್ಕೀಮಿನಲ್ಲಿ ಒಟ್ಟು 160 ಕ್ರೆಡಿಟ್. ಅದರ ಹಾಳೆಯನ್ನು ಮೂರು ವರ್ಷದಲ್ಲಿ ಒಮ್ಮೆಯೂ ತೆರೆದಿರಲಿಲ್ಲವಂತೆ. ಅಲ್ಲಿಂದಲೇ ಕೂಗಿ ಕೇಳಿದಳು, "ಅಕ್ಕ, ಉಳಿದಿರೋ ಎರಡು ಸೆಮ್‌ಗೆ ಎಷ್ಟು ತೂಕ ಇದೆ ಅಂತ ಇದರಲ್ಲಿ ಎಲ್ಲಿ ನೋಡೋದು?"